ನೈನರ್ಸ್ ಈ ಸಲ ಯಾರನ್ನು ಆರಿಸಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಏಪ್ರಿಲ್ ಹತ್ತಿರ ಬಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ವಿಷಯ ಹಿಡಿದುಕೊಳ್ಳುತ್ತವೆ: ಎನ್‌ಎಫ್‌ಎಲ್ ಡ್ರಾಫ್ಟ್. ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಮೂರು ದಿನಗಳು ಅವು. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಎಂದು ಹೆಸರಿದ್ದರೂ ಆ ತಂಡ ಆಡುವುದು ಸ್ಯಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. ನಾನಿರುವ ಸನ್ನಿವೇಲ್‌ಗೆ ಅದು ಕೂಗಳತೆಯ ದೂರ. ಇಲ್ಲಿನ ಕನ್ನಡಿಗರಿಗೆ ನೈನರ್ಸ್ ಎಂದರೆ ಮನೆ ತಂಡ. ಅದಕ್ಕೇ ಪತ್ರಗಳಲ್ಲಿ ಇಷ್ಟು ಬಿಸಿ. ಈ ಸಂಚಿಕೆಯ ಅಂಕಣ ಪೂರ್ತಿ ಡ್ರಾಫ್ಟ್‌ಗೇ ಮೀಸಲು.

ಪ್ರಶ್ನೆ: ಮಗ ಸ್ಯಾನ್ ಹೊಸೆಯಲ್ಲಿದ್ದಾನೆ. ಫೋನ್ ಮಾಡಿದಾಗಲೆಲ್ಲ ಡ್ರಾಫ್ಟ್, ಡ್ರಾಫ್ಟ್ ಅನ್ನುತ್ತಾನೆ. ನಮಗೆ ಗೊತ್ತಿರುವುದು ಐಪಿಎಲ್ ಹರಾಜು ಒಂದೇ. ಇದೂ ಅದೇ ತರಹಾನಾ? — ದಾವಣಗೆರೆಯಿಂದ ಒಬ್ಬ ತಂದೆ

ಉತ್ತರ: ಅಲ್ಲ ಸರ್. ಹರಾಜಿನಲ್ಲಿ ದುಡ್ಡು ಮಾತಾಡುತ್ತದೆ, ಡ್ರಾಫ್ಟ್‌ನಲ್ಲಿ ಸರದಿ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದವರಿಗೆ ಸುತ್ತಿನ ಕೊನೆಯ ಆಯ್ಕೆ. 32 ತಂಡ, 7 ಸುತ್ತು. ಒಂದೊಂದು ಸರದಿಯನ್ನೂ ಪಿಕ್ ಅಂತಾರೆ. ಈ ಪಿಕ್‌ಗಳನ್ನು ತಂಡಗಳು ತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಬಹುದು. ಜಗಳ ಹುಟ್ಟುವುದೇ ಅಲ್ಲಿಂದ.

ಇದರ ಹಿಂದೆ ಇರುವವರು ಬರ್ಟ್ ಬೆಲ್. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕರಾಗಿದ್ದರು. ದುಡ್ಡಿದ್ದ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಳ್ಳುತ್ತಿದ್ದವು, ಬೆಲ್ ತಂಡ ಸೋಲುತ್ತಲೇ ಇತ್ತು. ಸೋತವರಿಗೆ ಮೊದಲ ಅವಕಾಶ ಕೊಡಿ ಎಂದು 1935ರಲ್ಲಿ ಕೇಳಿದರು, ಉಳಿದವರು ಒಪ್ಪಿದರು. ಮೊದಲ ಡ್ರಾಫ್ಟ್ 1936ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆಯಿತು. ಆಗ ಇದ್ದದ್ದು 9 ತಂಡ. ಮೊಟ್ಟಮೊದಲ ಪಿಕ್ ಆದ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಐಪಿಎಲ್‌ನಲ್ಲೂ ಡ್ರಾಫ್ಟ್ ನಡೆದದ್ದುಂಟು. 2008ರಲ್ಲಿ 19 ವರ್ಷದೊಳಗಿನ ತಂಡದ ಹುಡುಗರನ್ನು ಹರಾಜಿಗೆ ಹಾಕದೆ ಹೀಗೇ ಆರಿಸಿಕೊಂಡರು. ದೆಹಲಿ ತಂಡ ತಮ್ಮೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು. ಅವರ ಬಳಿ ಸೆಹ್ವಾಗ್, ಗಂಭೀರ್ ಇದ್ದರು. ಬ್ಯಾಟ್ಸ್‌ಮನ್‌ಗಳು ಸಾಕು, ಬೌಲರ್ ಬೇಕು ಅನ್ನುವ ಲೆಕ್ಕ. ಕೊಹ್ಲಿ ಬೆಂಗಳೂರಿಗೆ ಬಂದರು. ಮುಂದಿನದು ನಿಮಗೇ ಗೊತ್ತು. ಈ ಕತೆಯನ್ನು ನೆನಪಿಟ್ಟುಕೊಂಡು ಮಗನ ಹತ್ತಿರ ಮಾತಾಡಿ. ನೈನರ್ಸ್ ಅಭಿಮಾನಿಗಳು ಪ್ರತಿ ವರ್ಷ ಜಗಳವಾಡುವುದು ಇದೇ ಪ್ರಶ್ನೆಯ ಮೇಲೆ.

ಪ್ರಶ್ನೆ: ನಮ್ಮ ಅಫೆನ್ಸಿವ್ ಲೈನ್ ಬಗ್ಗೆ ಯಾರಿಗೂ ಚಿಂತೆಯೇ ಇಲ್ಲ. ಮೊದಲ ಸುತ್ತಿನ ಪಿಕ್ ಪ್ರತಿ ಸಲ ಬೇರೆ ಯಾರಿಗೋ ಹೋಗುತ್ತದೆ. ಈ ಸಲವಾದರೂ ಕಣ್ಣು ಮುಚ್ಚಿ ಒಬ್ಬ ಟ್ಯಾಕಲ್ ತೆಗೆದುಕೊಳ್ಳಬೇಕು. ನೀವು ಏನಂತೀರಿ? — ಸ್ಯಾಂಟಾ ಕ್ಲಾರಾದ ಓದುಗರು

ಉತ್ತರ: ನಿಮ್ಮ ಕೋಪ ಸರಿಯಾಗಿಯೇ ಇದೆ. (ಹೊಸಬರಿಗೆ: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿಗಳಿಂದ ಕಾಯುವ ಐವರ ಸಾಲೇ ಅಫೆನ್ಸಿವ್ ಲೈನ್. ಅದರ ಎರಡು ತುದಿಗಳಲ್ಲಿ ನಿಲ್ಲುವವರು ಟ್ಯಾಕಲ್.) 2018ರಲ್ಲಿ ಟ್ಯಾಕಲ್ ಮೈಕ್ ಮೆಕ್‌ಗ್ಲಿಂಚಿ ಅವರನ್ನು 9ನೇ ಪಿಕ್‌ನಲ್ಲಿ ತೆಗೆದುಕೊಂಡರು. ಆಮೇಲೆ 2025ರವರೆಗೆ ಮೊದಲ ಸುತ್ತಿನಲ್ಲಿ ಒಬ್ಬ ಅಫೆನ್ಸಿವ್ ಲೈನ್‌ಮನ್ ಕೂಡ ಇಲ್ಲ. 2019ರಲ್ಲಿ ನಿಕ್ ಬೋಸಾ, 2020ರಲ್ಲಿ ಜಾವನ್ ಕಿನ್ಲಾ ಮತ್ತು ಬ್ರ್ಯಾಂಡನ್ ಅಯ್ಯೂಕ್, 2021ರಲ್ಲಿ ಟ್ರೇ ಲ್ಯಾನ್ಸ್, 2024ರಲ್ಲಿ ರಿಕಿ ಪಿಯರ್ಸಾಲ್, 2025ರಲ್ಲಿ ಮೈಕೆಲ್ ವಿಲಿಯಮ್ಸ್. 2022 ಮತ್ತು 2023ರಲ್ಲಿ ಮೊದಲ ಸುತ್ತಿನ ಪಿಕ್ಕೇ ಕೈಯಲ್ಲಿರಲಿಲ್ಲ. ಎಡ ಟ್ಯಾಕಲ್ ಟ್ರೆಂಟ್ ವಿಲಿಯಮ್ಸ್ ಹುಟ್ಟಿದ್ದು 1988ರಲ್ಲಿ. ಅವರ ನಂತರ ಯಾರು ಅನ್ನುವ ಭಯ ನನಗೂ ಇದೆ.

ಆದರೆ "ಕಣ್ಣು ಮುಚ್ಚಿ" ಅಂದಿರಲ್ಲ, ಅದು ಬೇಡ. ತಂಡದಲ್ಲಿ ಎಲ್ಲಿ ತೂತು ಇದೆಯೋ ಅಲ್ಲಿಗೆ ಹುಡುಗನನ್ನು ಹುಡುಕುವುದು ಒಂದು ದಾರಿ. ಸರದಿ ಬಂದಾಗ ಉಳಿದವರಲ್ಲಿ ಯಾರು ಎಲ್ಲರಿಗಿಂತ ಒಳ್ಳೆಯ ಆಟಗಾರನೋ ಅವನನ್ನು ತೆಗೆದುಕೊಳ್ಳುವುದು ಇನ್ನೊಂದು. ನಾನು ಎರಡನೆಯ ದಾರಿಯವಳು. ತೂತು ವರ್ಷಕ್ಕೊಂದು ಕಡೆ ಬೀಳುತ್ತದೆ. ಮೊಣಕಾಲಿನ ಒಂದು ಪೆಟ್ಟು ಸಾಕು, ಏಪ್ರಿಲ್‌ನ ಲೆಕ್ಕವೆಲ್ಲ ಅಕ್ಟೋಬರ್‌ಗೆ ತಲೆಕೆಳಗಾಗುತ್ತದೆ. ಒಳ್ಳೆಯ ಆಟಗಾರ ಹತ್ತು ವರ್ಷ ಇರುತ್ತಾನೆ.

2017ನ್ನು ನೋಡಿ. ನೈನರ್ಸ್ ಕೈಯಲ್ಲಿ 2ನೇ ಪಿಕ್ ಇತ್ತು. ಶಿಕಾಗೋ ಬೇರ್ಸ್ ಜೊತೆ ವ್ಯಾಪಾರ ಮಾಡಿ ಒಂದೇ ಸ್ಥಾನ ಕೆಳಗಿಳಿದು ಹೆಚ್ಚಿನ ಪಿಕ್‌ಗಳನ್ನು ಗಿಟ್ಟಿಸಿದರು. ಅಲ್ಲಿಯವರೆಗೆ ಭೇಷ್. ಆಮೇಲೆ 3ನೇ ಪಿಕ್‌ನಲ್ಲಿ ಎದುರಾಳಿಯ ದಾಳಿ ತಡೆಯುವ ಡಿಫೆನ್ಸಿವ್ ಲೈನ್‌ಗೆ ಸಾಲಮನ್ ಥಾಮಸ್ ಅವರನ್ನು ತಂದರು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ 10ನೇ ಪಿಕ್‌ವರೆಗೆ ಉಳಿದಿದ್ದರು. ಅದೇ ಮಹೋಮ್ಸ್ 2020ರ ಫೆಬ್ರವರಿಯಲ್ಲಿ, ಮತ್ತೆ 2024ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನಲ್ಲಿ ನಮ್ಮನ್ನು ಸೋಲಿಸಿದರು. ಇಲ್ಲಿನ ಹಳೆಯ ಅಭಿಮಾನಿಗಳನ್ನು ಕೇಳಿದರೆ 2005ರ ಕತೆಯನ್ನೂ ಹೇಳುತ್ತಾರೆ. ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲಿ ಓದುತ್ತಿದ್ದ, ಚಿಕ್ಕಂದಿನಿಂದ ನೈನರ್ಸ್ ಅಭಿಮಾನಿಯಾಗಿದ್ದ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಜರ್ಸ್ ಅವರನ್ನು ಬಿಟ್ಟು ತಂಡ ಅಲೆಕ್ಸ್ ಸ್ಮಿತ್ ಅವರನ್ನು ಮೊದಲ ಪಿಕ್ ಮಾಡಿತು. ರಾಜರ್ಸ್ 24ನೇ ಪಿಕ್‌ವರೆಗೆ ಕಾದು ಗ್ರೀನ್ ಬೇ ತಂಡಕ್ಕೆ ಹೋದರು.

ಇನ್ನೊಂದು ವಿಷಯ. ಟ್ರೆಂಟ್ ವಿಲಿಯಮ್ಸ್ ನಮಗೆ ಡ್ರಾಫ್ಟ್‌ನಿಂದ ಬಂದವರಲ್ಲ. 2010ರಲ್ಲಿ ಅವರನ್ನು ಆರಿಸಿದ್ದು ವಾಷಿಂಗ್ಟನ್. 2020ರಲ್ಲಿ ಒಂದು ಮೂರನೇ ಸುತ್ತಿನ, ಒಂದು ಐದನೇ ಸುತ್ತಿನ ಪಿಕ್ ಕೊಟ್ಟು ತಂದರು. ತೂತು ಮುಚ್ಚಲು ಬೇರೆ ದಾರಿಗಳೂ ಇವೆ. ಸರದಿ ಬಂದಾಗ ಟ್ಯಾಕಲ್ಲೇ ಎಲ್ಲರಿಗಿಂತ ಮೇಲಿದ್ದರೆ ಖಂಡಿತ ತೆಗೆದುಕೊಳ್ಳಲಿ. ಇಲ್ಲದಿದ್ದರೆ ಬಲವಂತ ಬೇಡ.

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪು ಎರಡಾಗಿದೆ. ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಕೊಟ್ಟಾದರೂ ಮೇಲಕ್ಕೆ ಹೋಗಿ ದೊಡ್ಡ ಹೆಸರನ್ನೇ ತರಬೇಕು ಅಂತ ಅರ್ಧ ಜನ. ಇದ್ದಲ್ಲೇ ಇರೋಣ ಅಂತ ಇನ್ನರ್ಧ. ತೀರ್ಪು ನೀವೇ ಕೊಡಿ. — ಡಬ್ಲಿನ್, ಕ್ಯಾಲಿಫೋರ್ನಿಯಾದ ಓದುಗರು

ಉತ್ತರ: ಇದ್ದಲ್ಲೇ ಇರಿ. ಸಾಧ್ಯವಾದರೆ ಕೆಳಗೆ ಬನ್ನಿ.

2021ನ್ನು ನಾನು ಬಿಡಿಸಿ ಹೇಳುತ್ತೇನೆ. ಈ ಊರಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ. ನೈನರ್ಸ್ ಕೈಯಲ್ಲಿ 12ನೇ ಪಿಕ್ ಇತ್ತು. ಮಾರ್ಚ್ 26ರಂದು ಮಯಾಮಿ ಡಾಲ್ಫಿನ್ಸ್ ಜೊತೆ ಒಪ್ಪಂದವಾಯಿತು. ನಾವು 3ನೇ ಸ್ಥಾನಕ್ಕೆ ಏರಿದೆವು. ಕೊಟ್ಟದ್ದು ಆ 12ನೇ ಪಿಕ್, 2022ರ ಮೊದಲ ಸುತ್ತು, 2023ರ ಮೊದಲ ಸುತ್ತು, ಮೇಲೊಂದು ಮೂರನೇ ಸುತ್ತು. ಒಬ್ಬ ಹುಡುಗನಿಗಾಗಿ ಮೂರು ವರ್ಷದ ಮೊದಲ ಪಿಕ್.

ಬೇಕಿದ್ದದ್ದು ಕ್ವಾರ್ಟರ್‌ಬ್ಯಾಕ್. ಆದರೆ ಯಾವ ಹುಡುಗ ಅಂತ ತಂಡ ಹೇಳಲೇ ಇಲ್ಲ. ಡ್ರಾಫ್ಟ್ ಏಪ್ರಿಲ್ 29ಕ್ಕೆ. ಆ ಒಂದು ತಿಂಗಳು ಇಲ್ಲಿ ಬೇರೆ ಮಾತೇ ಇರಲಿಲ್ಲ. ಅಲಬಾಮಾದ ಮ್ಯಾಕ್ ಜೋನ್ಸ್ ಅಂತ ಒಂದು ಗುಂಪು: ಲೆಕ್ಕದ ಹುಡುಗ, ಚೆಂಡು ಸರಿಯಾದ ಕೈಗೆ ಹೋಗುತ್ತದೆ. ಒಹಾಯೋ ಸ್ಟೇಟ್‌ನ ಜಸ್ಟಿನ್ ಫೀಲ್ಡ್ಸ್ ಅಂತ ಇನ್ನೊಂದು: ಓಟವೂ ಇದೆ, ತೋಳೂ ಇದೆ. ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್ ಅಂತ ಮತ್ತೊಂದು: 2019ರಲ್ಲಿ 28 ಟಚ್‌ಡೌನ್ ಪಾಸ್ ಎಸೆದು ಒಂದೇ ಒಂದು ಇಂಟರ್‌ಸೆಪ್ಷನ್ ಕೊಡದ, ಅಂದರೆ ಎದುರಾಳಿಯ ಕೈಗೆ ಚೆಂಡು ಎಸೆಯದ ಹುಡುಗ. ಕೊರೊನಾ ಕಾರಣದಿಂದ 2020ರಲ್ಲಿ ಅವನು ಆಡಿದ್ದು ಒಂದೇ ಪಂದ್ಯ. ದಿನಸಿ ಅಂಗಡಿಯ ಕ್ಯೂನಲ್ಲಿ, ಮಕ್ಕಳ ಕರಾಟೆ ಕ್ಲಾಸ್ ಹೊರಗೆ, ಎಲ್ಲೆಲ್ಲೂ ಇದೇ ಚರ್ಚೆ.

ತಂಡ ಲ್ಯಾನ್ಸ್ ಅವರನ್ನು ಆರಿಸಿತು. ನಮ್ಮ ಪರವಾಗಿ ಅವರು ಆರಂಭದಿಂದಲೇ ಕಣಕ್ಕಿಳಿದ ಪಂದ್ಯಗಳು ನಾಲ್ಕೇ. 2022ರ ಎರಡನೇ ಪಂದ್ಯದಲ್ಲಿ ಸಿಯಾಟಲ್ ವಿರುದ್ಧ ಕಣಕಾಲು ಮುರಿಯಿತು. 2023ರ ಆಗಸ್ಟ್‌ನಲ್ಲಿ ಡಲ್ಲಾಸ್‌ಗೆ ಕಳಿಸಿದರು. ಬದಲಿಗೆ ಸಿಕ್ಕಿದ್ದು ಒಂದು ನಾಲ್ಕನೇ ಸುತ್ತಿನ ಪಿಕ್. ಹುಡುಗನನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವನು ಯಾರನ್ನೂ ನನಗಾಗಿ ಮೂರು ಪಿಕ್ ಕೊಡಿ ಅಂತ ಕೇಳಿರಲಿಲ್ಲ.

ನಾವು ಬಿಟ್ಟುಕೊಟ್ಟ ಆ 12ನೇ ಪಿಕ್ ಏನಾಯಿತು ಗೊತ್ತಾ? ಮಯಾಮಿಯಿಂದ ಫಿಲಡೆಲ್ಫಿಯಾಗೆ, ಅಲ್ಲಿಂದ ಡಲ್ಲಾಸ್‌ಗೆ ಹೋಯಿತು. ಡಲ್ಲಾಸ್ ಅದರಲ್ಲಿ ಮೈಕಾ ಪಾರ್ಸನ್ಸ್ ಅವರನ್ನು ತೆಗೆದುಕೊಂಡಿತು. ಈ ಕಾಲದ ಅತ್ಯಂತ ಭಯ ಹುಟ್ಟಿಸುವ ಡಿಫೆಂಡರ್‌ಗಳಲ್ಲಿ ಒಬ್ಬರು.

ಇನ್ನು 2022ರ ಡ್ರಾಫ್ಟ್. ಮೊದಲ ಸುತ್ತಿನಲ್ಲಿ ನಮಗೆ ಸರದಿ ಇಲ್ಲ. ಕಟ್ಟಕಡೆಯ ಪಿಕ್, 262ನೆಯದು, ನಮ್ಮದು. ಅಯೋವಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ. ಕಡೆಯ ಪಿಕ್‌ಗೆ 1976ರಿಂದ "ಮಿಸ್ಟರ್ ಇರ್ರೆಲೆವಂಟ್" (ಲೆಕ್ಕಕ್ಕಿಲ್ಲದವನು) ಅಂತ ಹೆಸರಿಟ್ಟು ಒಂದು ಟ್ರೋಫಿಯನ್ನೂ ಕೊಡುತ್ತಾರೆ. ಲ್ಯಾನ್ಸ್ ಬಿದ್ದರು, ಅವರ ಜಾಗಕ್ಕೆ ಬಂದ ಜಿಮ್ಮಿ ಗರಾಪಲೋ ಡಿಸೆಂಬರ್‌ನಲ್ಲಿ ಕಾಲು ಮುರಿದುಕೊಂಡರು, ಪರ್ಡಿ ಒಳಗೆ ಬಂದರು. ಮುಂದಿನ ವರ್ಷ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದರು. ಲ್ಯಾನ್ಸ್ ಅವರ ಮೊದಲ ಒಪ್ಪಂದ ಸುಮಾರು 3.4 ಕೋಟಿ ಡಾಲರ್. ಪರ್ಡಿಯವರದು ನಾಲ್ಕು ವರ್ಷಕ್ಕೆ ಸುಮಾರು 37 ಲಕ್ಷ ಡಾಲರ್. 2025ರಲ್ಲಿ ಅವರಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದವಾಯಿತು. ಅದೇ 2025ರಲ್ಲಿ ಪರ್ಡಿಗೆ ಬ್ಯಾಕಪ್ ಆಗಿ ಯಾರು ಬಂದರು ಹೇಳಿ? ಮ್ಯಾಕ್ ಜೋನ್ಸ್.

ಪರ್ಡಿ ಅದೃಷ್ಟ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ನಿಮ್ಮ ಗುಂಪಿನವರು ಹೇಳುತ್ತಾರೆ. ಸರಿ, ಅವರನ್ನು ಬಿಡಿ. ಜೋ ಮೊಂಟಾನಾ 1979ರಲ್ಲಿ 82ನೇ ಪಿಕ್. ಟೆರೆಲ್ ಓವೆನ್ಸ್ 1996ರಲ್ಲಿ 89. ಜಾರ್ಜ್ ಕಿಟ್ಟಲ್ 2017ರಲ್ಲಿ 146. ಫ್ರೆಡ್ ವಾರ್ನರ್ 2018ರಲ್ಲಿ 70. ಈ ತಂಡದ ಬೆನ್ನೆಲುಬು ಬಂದಿರುವುದೇ ಮೂರನೇ ಸುತ್ತು, ಐದನೇ ಸುತ್ತುಗಳಿಂದ. ಮೇಲಕ್ಕೆ ಹೋಗಿ ಗೆದ್ದದ್ದೂ ಇದೆ, ಇಲ್ಲ ಅನ್ನುವುದಿಲ್ಲ. 1985ರಲ್ಲಿ ಆಗಿನ ಕೋಚ್ ಬಿಲ್ ವಾಲ್ಷ್ 16ನೇ ಸ್ಥಾನಕ್ಕೆ ಏರಿ ಜೆರ್ರಿ ರೈಸ್ ಅವರನ್ನು ತಂದರು. ಆದರೆ ವಾಲ್ಷ್ ಅದಕ್ಕಾಗಿ ಮುಂದಿನ ವರ್ಷಗಳ ಮೊದಲ ಸುತ್ತುಗಳನ್ನು ಅಡವಿಡಲಿಲ್ಲ.

ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಕೇಡ್ ಮ್ಯಾಸಿ ಮತ್ತು 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನೇ ಅಧ್ಯಯನ ಮಾಡಿದರು. ಒಂದು ಜಾಗಕ್ಕೆ ಮೊದಲು ಆಯ್ಕೆಯಾದ ಹುಡುಗ, ಅದೇ ಜಾಗಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಅಂತ ಕಂಡುಕೊಂಡರು. ಅಂದರೆ ಟಾಸ್ ಹಾಕಿದ ಹಾಗೆ. ಹಾಗಿದ್ದ ಮೇಲೆ ಒಂದೇ ನಾಣ್ಯಕ್ಕೆ ಮೂರು ನಾಣ್ಯದ ಬೆಲೆ ಯಾಕೆ ಕೊಡಬೇಕು?

ತಂಡಗಳು ಪಿಕ್‌ಗಳ ಬೆಲೆ ಅಳೆಯಲು 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತಂಡ ಮಾಡಿದ ಪಟ್ಟಿಯನ್ನು ಬಹಳ ಕಾಲ ಇಟ್ಟುಕೊಂಡಿದ್ದವು. ಅದರಲ್ಲಿ ಮೊದಲ ಪಿಕ್‌ಗೆ 3000 ಅಂಕ, 3ನೆಯದಕ್ಕೆ 2200, 12ನೆಯದಕ್ಕೆ 1200. ಇಂಥ ಲೆಕ್ಕದಲ್ಲಿ ನಮ್ಮವರ ಕೈಯೂ ಇದೆ. ಬೇ ಏರಿಯಾದಲ್ಲೇ ಬೆಳೆದ ಪರಾಗ್ ಮರಾಠೆ 2001ರಲ್ಲಿ ನೈನರ್ಸ್ ಕಡೆಗೆ ಬಂದಾಗ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಪಿಕ್‌ಗಳ ಬೆಲೆ ಲೆಕ್ಕ ಹಾಕುವುದೂ ಒಂದು. ಕೂಟದ ಕಾರ್ಯಕ್ರಮದಲ್ಲಿ ಮಕ್ಕಳಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಗಣಿತ ಚೆನ್ನಾಗಿ ಬರುವವರಿಗೂ ಈ ಆಟದಲ್ಲಿ ಜಾಗ ಇದೆ.

ಪ್ರಶ್ನೆ: ನಾನು ರೇಡರ್ಸ್ ಅಭಿಮಾನಿ. ತಂಡ ಲಾಸ್ ವೇಗಸ್‌ಗೆ ಹೋದರೂ ಬಿಟ್ಟಿಲ್ಲ. 40 ಗಜದ ಓಟದಲ್ಲಿ ವೇಗ ಇದ್ದವನನ್ನೇ ಆರಿಸಬೇಕು ಅಂತ ನನ್ನ ವಾದ. ವೇಗವನ್ನು ಯಾರೂ ಕಲಿಸಲಾಗದು, ಅಲ್ವಾ? — ಟ್ರೇಸಿಯ ಓದುಗರು

ಉತ್ತರ: ಕಲಿಸಲಾಗದು, ನಿಜ. ಆದರೆ ಚೆಂಡು ಹಿಡಿಯುವುದನ್ನೂ ಅಷ್ಟು ಸುಲಭವಾಗಿ ಕಲಿಸಲಾಗದು. 2009ರಲ್ಲಿ ನಿಮ್ಮ ತಂಡ 7ನೇ ಪಿಕ್‌ನಲ್ಲಿ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವ ಆಟಗಾರ ಡೇರಿಯಸ್ ಹೇವರ್ಡ್-ಬೇ ಅವರನ್ನು ತೆಗೆದುಕೊಂಡಿತು. ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷೆಯಲ್ಲಿ ಅವರು 4.30 ಸೆಕೆಂಡ್‌ನಲ್ಲಿ ಓಡಿದ್ದರು. ಇನ್ನೊಬ್ಬ ರಿಸೀವರ್ ಮೈಕಲ್ ಕ್ರ್ಯಾಬ್‌ಟ್ರೀ ಕಾಲು ನೋವಿನಿಂದ ಓಡಿರಲೇ ಇಲ್ಲ. ಅವರು 10ನೇ ಪಿಕ್‌ನಲ್ಲಿ ನಮಗೆ ಸಿಕ್ಕರು. ಇಬ್ಬರಲ್ಲಿ ಯಾರು ಹೆಚ್ಚು ಚೆಂಡು ಹಿಡಿದರು ಅಂತ ನಿಮಗೆ ನಾನು ಹೇಳಬೇಕಿಲ್ಲ. 2000ದಲ್ಲಿ ಟಾಮ್ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡರು. 199ನೇ ಪಿಕ್ ಆದರು. ಏಳು ಸೂಪರ್ ಬೌಲ್ ಗೆದ್ದರು. ಸ್ಯಾನ್ ಮಟೇಯೋದಲ್ಲಿ ಬೆಳೆದ ಬ್ರೇಡಿಯನ್ನು ನೈನರ್ಸ್ ಕೂಡ ಬಿಟ್ಟರು. ಆ ವರ್ಷ ಮೂರನೇ ಸುತ್ತಿನಲ್ಲಿ ಅವರು ತೆಗೆದುಕೊಂಡ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ನ ಒಂದು ಪಂದ್ಯದಲ್ಲೂ ಆಡಲಿಲ್ಲ.

ಗಡಿಯಾರ ನೋಡಿ. ಆಮೇಲೆ ಪಂದ್ಯದ ವಿಡಿಯೋ ನೋಡಿ. ಎರಡೂ ಒಂದೇ ಮಾತು ಹೇಳಿದರೆ ಆರಿಸಿ.

ಪ್ರಶ್ನೆ: ನಾನು ಹನ್ನೊಂದನೇ ತರಗತಿ. ಲೈನ್‌ಮನ್ ಒಳ್ಳೆಯವನೋ ಅಲ್ಲವೋ ಅಂತ ಟಿವಿ ನೋಡಿ ಹೇಗೆ ಗೊತ್ತು ಮಾಡೋದು? ಅವರಿಗೆ ಅಂಕಿಅಂಶವೇ ಇಲ್ಲವಲ್ಲ. — ಕ್ಯುಪರ್ಟಿನೋದ ವಿದ್ಯಾರ್ಥಿ

ಉತ್ತರ: ಎಂಥ ಒಳ್ಳೆಯ ಪ್ರಶ್ನೆ ಕೇಳಿದೆ ಮರಿ! ನನ್ನ ಮಗ ಹೈಸ್ಕೂಲಿನಲ್ಲಿ ರೈಟ್ ಗಾರ್ಡ್ ಆಡುತ್ತಿದ್ದ. ಚೆಂಡು ಅವನ ಹತ್ತಿರ ಯಾವತ್ತೂ ಬರುತ್ತಿರಲಿಲ್ಲ. ಅವನನ್ನು ನೋಡಲು ಹೋಗಿ ಚೆಂಡು ಬಿಟ್ಟು ಲೈನ್ ನೋಡುವುದು ನನಗೆ ರೂಢಿಯಾಯಿತು. ನೀನೂ ಹಾಗೇ ಮಾಡು. ಒಂದು ಕಾಲೇಜು ಪಂದ್ಯ ಹಚ್ಚು. ಕ್ವಾರ್ಟರ್‌ಬ್ಯಾಕ್ ಎದುರು ನೋಡುವಾಗ ಅವನ ಎಡ ತುದಿಯಲ್ಲಿ ನಿಂತವನು ಎಡ ಟ್ಯಾಕಲ್. ಅವನ ಮೇಲೆ ಮಾತ್ರ ಕಣ್ಣಿಡು.

ಮೊದಲು ಕಾಲು. ಚೆಂಡು ಹಿಂದಕ್ಕೆ ಹೋದ ಕ್ಷಣವೇ ಅವನ ಎಡಗಾಲು ಹಿಂದೆ ಜಾರಬೇಕು, ಬಲಗಾಲು ಅದನ್ನು ಹಿಂಬಾಲಿಸಬೇಕು. ಎರಡು ಪಾದಗಳು ಒಂದಕ್ಕೊಂದು ತಾಗಬಾರದು, ಅಡ್ಡವಂತೂ ದಾಟಲೇಬಾರದು. ಪಾದ ಕೂಡಿದ ಆ ಅರೆಕ್ಷಣದಲ್ಲೇ ಎದುರಾಳಿ ತಳ್ಳುತ್ತಾನೆ, ಇವನು ಬೀಳುತ್ತಾನೆ. ಕಬಡ್ಡಿಯಲ್ಲಿ ರೈಡರ್‌ನ ಕಾಲು ಕಾಯುವ ಹಾಗೆ ಅವನ ಕಾಲು ಕಾಯಿ.

ಆಮೇಲೆ ಮಂಡಿ. ಒಳ್ಳೆಯವನು ಮಂಡಿ ಬಗ್ಗಿಸಿ ಕುರ್ಚಿಯಲ್ಲಿ ಕೂತವನಂತೆ ನಿಲ್ಲುತ್ತಾನೆ. ಸೊಂಟ ಬಗ್ಗಿಸಿ ಮುಂದಕ್ಕೆ ವಾಲುವವನನ್ನು ಎದುರಾಳಿ ಕೈ ಹಿಡಿದು ಕೆಳಗೆಳೆಯುತ್ತಾನೆ. ಆಮೇಲೆ ಕೈ. ಎರಡೂ ಅಂಗೈ ಎದುರಾಳಿಯ ಎದೆಯ ನಡುವೆ ಬೀಳಬೇಕು. ಕೈ ಹೊರಗೆ, ತೋಳಿನ ಮೇಲೆ ಬಿದ್ದರೆ ಹೋಲ್ಡಿಂಗ್ ಎಂಬ ತಪ್ಪಿಗೆ ರೆಫರಿಯ ಹಳದಿ ಬಟ್ಟೆ ಬೀಳುತ್ತದೆ. ಅವಸರದಿಂದ ಮೊದಲೇ ಕೈ ಚಾಚುವವನನ್ನು ಜಾಣ ಎದುರಾಳಿ ಒಳಗಿನಿಂದ ನುಸುಳಿ ದಾಟುತ್ತಾನೆ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ. ಅವನು ಒಮ್ಮೆ ಸೋತ ಮೇಲಿನ ಆಟ ನೋಡು. ಎದುರಾಳಿ ದಾಟಿಹೋದ ಮೇಲೂ ಬೆನ್ನಟ್ಟಿ ಪಕ್ಕಕ್ಕೆ ತಳ್ಳುತ್ತಾನಾ, ಇಲ್ಲ ನಿಂತುಬಿಡುತ್ತಾನಾ? ನಾಲ್ಕನೇ ಕ್ವಾರ್ಟರ್‌ನಲ್ಲಿ, ಸುಸ್ತಾದ ಹೊತ್ತಿನಲ್ಲಿ, ಕಾಲು ಮೊದಲಿನ ಹಾಗೇ ಜಾರುತ್ತಾ? ಇದನ್ನು ಯಾವ ಕಂಬೈನ್ ಕೂಡ ಅಳೆಯುವುದಿಲ್ಲ.

ಜೋ ಥಾಮಸ್ ಹೆಸರು ಕೇಳಿದ್ದೀಯಾ? 2007ರಲ್ಲಿ ಕ್ಲೀವ್‌ಲ್ಯಾಂಡ್ 3ನೇ ಪಿಕ್‌ನಲ್ಲಿ ತೆಗೆದುಕೊಂಡ ಎಡ ಟ್ಯಾಕಲ್. ಡ್ರಾಫ್ಟ್‌ಗೆ ಬರಲು ಕರೆದರೆ ಹೋಗದೆ ಅಪ್ಪನ ಜೊತೆ ಲೇಕ್ ಮಿಷಿಗನ್‌ನಲ್ಲಿ ಮೀನು ಹಿಡಿಯಲು ಹೋಗಿದ್ದರು. ಆಮೇಲೆ ಒಂದು ಆಟವನ್ನೂ ತಪ್ಪಿಸದೆ ಸತತ 10,363 ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಆಟ) ಆಡಿದರು. ಅವರ ಹಳೆಯ ವಿಡಿಯೋಗಳನ್ನು ಹುಡುಕಿ ಪಾದ ನೋಡು. ಆಮೇಲೆ ಈ ವರ್ಷದ ಹುಡುಗರನ್ನು ನೋಡು. ವ್ಯತ್ಯಾಸ ನಿನಗೇ ಕಾಣುತ್ತದೆ.

ಪ್ರಶ್ನೆ: ಮಗ ಡ್ರಾಫ್ಟ್ ನೋಡಿ ನೋಡಿ ತಾನೂ ಫುಟ್‌ಬಾಲ್ ಆಡುತ್ತೇನೆ, ಎನ್‌ಎಫ್‌ಎಲ್‌ಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಒಂಬತ್ತನೇ ತರಗತಿ. ನನಗೆ ತಲೆ ಪೆಟ್ಟಿನ ಭಯ. ಏನು ಮಾಡಲಿ? — ಫ್ರೀಮಾಂಟ್‌ನಿಂದ ಒಬ್ಬ ತಾಯಿ

ಉತ್ತರ: ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ನೈನರ್ಸ್ 2014ರ ಮೂರನೇ ಸುತ್ತಿನಲ್ಲಿ ಕ್ರಿಸ್ ಬೋರ್ಲಂಡ್ ಎಂಬ ಲೈನ್‌ಬ್ಯಾಕರ್‌ನನ್ನು ಆರಿಸಿದರು. ಮೊದಲ ವರ್ಷವೇ ಎಲ್ಲರ ಕಣ್ಣು ಸೆಳೆದರು. 2015ರ ಮಾರ್ಚ್‌ನಲ್ಲಿ, 24ನೇ ವಯಸ್ಸಿಗೆ, ಮಿದುಳಿಗೆ ಮುಂದೆ ಏನಾಗಬಹುದೋ ಅನ್ನುವ ಕಾರಣಕ್ಕೆ ಆಟ ಬಿಟ್ಟರು. ಆ ನಿರ್ಧಾರವನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಎನ್‌ಎಫ್‌ಎಲ್ ಲೆಕ್ಕವನ್ನು ಮಗನಿಗೆ ನೇರವಾಗಿ ಹೇಳಿ. ಕಾಲೇಜಿನಲ್ಲಿ ಆಡುವವರಲ್ಲೇ ನೂರಕ್ಕೆ ಇಬ್ಬರೂ ಅಲ್ಲಿಗೆ ತಲುಪುವುದಿಲ್ಲ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗುವವರೆಗೆ ಡ್ರಾಫ್ಟ್‌ಗೆ ಹೆಸರು ಕೊಡುವ ಹಾಗೂ ಇಲ್ಲ. ಅಷ್ಟರೊಳಗೆ ಓದು ಇದ್ದೇ ಇದೆ.

ಆದರೆ ಆಡಲೇಬೇಡ ಅಂತ ನಾನು ಹೇಳಲಾರೆ. ನನ್ನ ಮಗ ಆಡಿದ, ಅವನಿಗೆ ಅಲ್ಲಿ ಸಿಕ್ಕ ಗೆಳೆಯರು ಇವತ್ತಿಗೂ ಮನೆಗೆ ಬರುತ್ತಾರೆ. ಶಾಲೆಗೆ ಹೋಗಿ ಕೋಚ್ ಹತ್ತಿರ ಕೂತು ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಸೀಸನ್ ನಡೆಯುವಾಗ ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ, ದಿನಕ್ಕೆ 90 ನಿಮಿಷಕ್ಕಿಂತ ಜಾಸ್ತಿ ಮೈಗೆ ಮೈ ತಾಗಿಸುವ ಪೂರ್ಣ ಅಭ್ಯಾಸ ಮಾಡಿಸುವಂತಿಲ್ಲ. ಕಾನೂನೇ ಇದೆ. ಅದನ್ನು ಹೇಗೆ ಪಾಲಿಸುತ್ತೀರಿ, ತಲೆಗೆ ಪೆಟ್ಟು ಬಿದ್ದರೆ ಮೈದಾನದಲ್ಲಿ ಯಾರು ನೋಡುತ್ತಾರೆ, ವಾಪಸ್ ಆಡಿಸಲು ಯಾರು ಒಪ್ಪಿಗೆ ಕೊಡುತ್ತಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ಸೇರಿಸಬೇಡಿ. ಟ್ಯಾಕಲ್ ಇಲ್ಲದ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇದೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಅದು ಇರುತ್ತದೆ. ಅಲ್ಲಿಂದ ಶುರು ಮಾಡಬಹುದು.

ಪ್ರಶ್ನೆ: ಡ್ರಾಫ್ಟ್ ದಿನ ನಮ್ಮ ಮನೆಯಲ್ಲಿ ಹತ್ತು ಜನ ಸೇರುತ್ತಾರೆ. ಅಡುಗೆ ನನ್ನದು, ಅದಕ್ಕೆ ಬೇಜಾರಿಲ್ಲ. ಆದರೆ ಇಷ್ಟವಾಗದ ಹುಡುಗ ಆಯ್ಕೆಯಾದರೆ ಅವನನ್ನು ವೇಸ್ಟ್, ಬಸ್ಟ್ ಅಂತೆಲ್ಲ ಬೈಯುತ್ತಾರೆ. ಕೇಳಲು ಕಷ್ಟ ಆಗುತ್ತದೆ. — ಮಿಲ್ಪಿಟಾಸ್‌ನ ಓದುಗರು

ಉತ್ತರ: ನಿಮ್ಮ ಪತ್ರವನ್ನು ಅವರೆಲ್ಲರಿಗೂ ಓದಿ ಹೇಳಿ. 2024ರಲ್ಲಿ 31ನೇ ಪಿಕ್‌ಗೆ ರಿಕಿ ಪಿಯರ್ಸಾಲ್ ಹೆಸರು ಬಂದಾಗ ಇಲ್ಲಿ ತುಂಬ ಜನ ಗೊಣಗಿದರು. ರಿಸೀವರ್‌ಗಳು ಇದ್ದಾರಲ್ಲ, ಇವನು ಯಾಕೆ ಅಂತ. ಆಗಸ್ಟ್ 31ರಂದು ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ದರೋಡೆ ಯತ್ನ ನಡೆದು ಆ ಹುಡುಗನ ಎದೆಗೆ ಗುಂಡು ಬಿತ್ತು. ಅಕ್ಟೋಬರ್‌ನಲ್ಲಿ ಅವನು ಮೈದಾನಕ್ಕಿಳಿದ. ಏಪ್ರಿಲ್‌ನಲ್ಲಿ ಗೊಣಗಿದ್ದವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಯ್ಕೆ ಮಾಡಿದ ಮ್ಯಾನೇಜರ್‌ಗಳನ್ನು ಪ್ರಶ್ನಿಸಲಿ. ಅದು ಅಭಿಮಾನಿಯ ಹಕ್ಕು, ನಾನೂ ಬಿಡುವುದಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಹುಡುಗ ಅಪ್ಪ ಅಮ್ಮನ ಪಕ್ಕ ಕೂತು ಫೋನಿಗೆ ಕಾಯುತ್ತಿರುತ್ತಾನೆ. ಅವನು ಇನ್ನೂ ಒಂದು ಆಟವನ್ನೂ ಆಡಿಲ್ಲ. ಅವನಿಗೆ ಬೈಗುಳ ಬೇಡ. ಮುಂದಿನ ಸಲ ಬೈದವರಿಗೆ ಎರಡನೇ ಸಲ ಬಿಸಿಬೇಳೆಬಾತ್ ಇಲ್ಲ ಅಂತ ಹೇಳಿ. ನಾನು ನಿಮ್ಮ ಪರ.

ಪ್ರಶ್ನೆ: ಬೆಂಗಳೂರಿನಿಂದ ನೋಡುವುದಾದರೆ ಎಷ್ಟು ಗಂಟೆಗೆ ಏಳಬೇಕು? ಮೂರೂ ದಿನ ನೋಡಬೇಕಾ? — ಜಯನಗರದ ಓದುಗರು

ಉತ್ತರ: ಮೊದಲ ಸುತ್ತು ಇಲ್ಲಿ ಗುರುವಾರ ಸಂಜೆ 5 ಗಂಟೆಗೆ, ನಿಮಗೆ ಶುಕ್ರವಾರ ಬೆಳಗ್ಗೆ 5.30. ಎರಡು ಮತ್ತು ಮೂರನೇ ಸುತ್ತು ಸಾಮಾನ್ಯವಾಗಿ ಶನಿವಾರ ಬೆಳಗ್ಗೆ 4.30ಕ್ಕೆ. ನಾಲ್ಕರಿಂದ ಏಳನೇ ಸುತ್ತು ಶನಿವಾರ ರಾತ್ರಿ 9.30ಕ್ಕೆ ಶುರುವಾಗುತ್ತದೆ. ಒಂದೇ ದಿನ ನೋಡಲು ಆಗುವುದಾದರೆ ಬೆಳಗಿನ ನಿದ್ದೆ ಕೆಡಿಸಿಕೊಳ್ಳಬೇಡಿ, ಶನಿವಾರ ರಾತ್ರಿ ನೋಡಿ. ಟಿವಿಯವರು ಆ ಹೊತ್ತಿಗೆ ಹೆಸರುಗಳನ್ನು ಸರಸರ ಓದಿ ಮುಗಿಸುತ್ತಿರುತ್ತಾರೆ. ಕಿಟ್ಟಲ್, ಪರ್ಡಿ ಇಬ್ಬರೂ ಬಂದದ್ದು ಆ ದಿನವೇ. ಒಂದು ನೋಟ್‌ಬುಕ್ ಇಟ್ಟುಕೊಂಡು ನೈನರ್ಸ್ ಆರಿಸಿದವರ ಹೆಸರು, ಕಾಲೇಜು, ಪಿಕ್ ಸಂಖ್ಯೆ ಬರೆದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಪಂದ್ಯಗಳು ಶುರುವಾದಾಗ ಅವರಲ್ಲಿ ಯಾರು ಮೈದಾನದಲ್ಲಿದ್ದಾರೆ ಅಂತ ನೋಡಿ ನನಗೆ ಬರೆಯಿರಿ.